ಮೇಲಿನ ರೂಮಿನ ಹೊಸತೊಡಕು

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಆಗುತ್ತದೆ ಎಂಬ ಮಾತನ್ನು ಮುನಿಆಂಜನಪ್ಪ ನಂಬಿದಷ್ಟು ಗಟ್ಟಿಯಾಗಿ ಕಟ್ಟಿಕೊಂಡ ಹೆಂಡತಿಯನ್ನೂ ನಂಬಿರಲಿಲ್ಲ. ಯುಗಾದಿಯ ಮಾರನೆಯ ದಿನ ಹೊತ್ತು ಇಳಿಯುವುದರೊಳಗೆ ಬಾಯಿಗೆ ಬಾಡು ಬಿದ್ದರೆ ಮುಂದಿನ ಯುಗಾದಿಯವರೆಗೂ ಬೀಳುತ್ತಲೇ ಇರುತ್ತದೆ. ಬೀಳದಿದ್ದರೆ ವರ್ಷವೆಲ್ಲ ಸೊಪ್ಪಿನ ಸಾರೇ ಗತಿ. ಇದಕ್ಕೆ ಅವನ ಬಳಿ ಸಾಕ್ಷಿಗಳೂ ಇದ್ದವು. ಒಂದು ತೊಡಕಿನ ದಿನ ದಾಯಾದಿ ಚಿಕ್ಕವೆಂಕಟಪ್ಪನ ಜೊತೆ ಕಾಂಪೌಂಡು ಗೋಡೆಗಾಗಿ ಜಗಳವಾಡಿದ್ದ. ಆ ವರ್ಷವೆಲ್ಲ ಇಬ್ಬರೂ ಸ್ಟೇಷನ್ನಿನ ಮೆಟ್ಟಿಲು ಸವೆಸಿದ್ದರು. ಇನ್ನೊಂದು ತೊಡಕಿನ ದಿನ ಹಲ್ಲು ಕೀಳಿಸಿಕೊಂಡಿದ್ದ. ವರ್ಷ ತಿರುಗುವುದರೊಳಗೆ ಇನ್ನೂ ಮೂರು ಹೋದವು.

ಅವನ ಹೆಂಡತಿ ಮಾರಕ್ಕನೂ ಈ ಮಾತನ್ನು ನಂಬುತ್ತಿದ್ದಳು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಪ್ರತಿ ತೊಡಕಿಗೂ ಅವಳು ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು, ಎಲ್ಲರೂ ಉಂಡೆದ್ದ ಮೇಲೆ ನಾಲ್ಕು ಗಂಟೆಗೆ ತಣ್ಣಗಾದ ಸಾರು, ತಳದ ಮೂಳೆ ಹಾಕಿಕೊಂಡು ಒಬ್ಬಳೇ ಕೂತು ಉಣ್ಣುತ್ತಿದ್ದಳು. ವರ್ಷದ ಮಿಕ್ಕ ದಿನಗಳೂ ಹಾಗೇ ಆಗುತ್ತಿದ್ದವು. ಆದರೆ ಈ ಸಾಕ್ಷಿಯನ್ನು ಮುನಿಆಂಜನಪ್ಪ ಯಾವತ್ತೂ ಗಮನಕ್ಕೆ ತಂದುಕೊಂಡಿರಲಿಲ್ಲ.

ಆ ವರ್ಷ ಯುಗಾದಿಯೂ ಲಾಕ್‌ಡೌನೂ ಜೋಡೆತ್ತಿನಂತೆ ಒಂದೇ ದಿನ ಬಂದವು. ಪ್ರತಿವರ್ಷ ಚಿಕ್ಕವೆಂಕಟಪ್ಪನ ಮುಂದಾಳತ್ವದಲ್ಲಿ ಊರಿನವರೆಲ್ಲ ಸೇರಿ ಕುರಿ ತಂದು, ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಈ ಸಲ ನಾಲ್ಕು ಜನ ಒಟ್ಟಿಗೆ ನಿಂತರೆ ಲಾಠಿ. ಗುಡ್ಡೆ ಬಾಡನ್ನು ಫೋನಿನಲ್ಲಿ ಹಂಚಲು ಬರುವುದಿಲ್ಲ. ಹಾಗಾಗಿ ಮುನಿಆಂಜನಪ್ಪ ತಾನೇ ಅಂಗಡಿಗೆ ಹೋಗಿ ನಿಲ್ಲಬೇಕಾಯಿತು.

ಅದಕ್ಕೂ ಮೊದಲು ಅವನ ಗೇಟಿನ ವಿಷಯ ಹೇಳಿಬಿಡಬೇಕು. ರಾಮಮೂರ್ತಿ ನಗರದ ಹಳೇ ಊರಿನ ಸಂದಿಯಲ್ಲಿ ಅವನ ಅಪ್ಪ ದಂಟು, ಕೊತ್ತಂಬರಿ ಬೆಳೆಯುತ್ತಿದ್ದ ತೋಟವಿತ್ತು. ಈಗ ಅಲ್ಲಿ ಹನ್ನೆರಡು ಬಾಡಿಗೆ ರೂಮುಗಳು ಬೆಳೆದಿದ್ದವು. ಇರುವವರೆಲ್ಲ ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದವರು. ಕೊರೊನಾ ಬಂತು ಎಂದ ಕೂಡಲೇ ಮುನಿಆಂಜನಪ್ಪ ಸರ್ಕಾರಕ್ಕಿಂತ ಒಂದು ದಿನ ಮುಂಚೆಯೇ ಎಚ್ಚೆತ್ತು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೇಟಿಗೆ ತೂಗುಹಾಕಿದ್ದ. ಹೊರಗಿನಿಂದ ಬಂದವರು ಎರಡೂ ಕೈ ತೋರಿಸಬೇಕು. ವಿದೇಶದಿಂದ ಬಂದವರ ಕೈಗೆ ಸರ್ಕಾರದವರು ಸೀಲು ಒತ್ತುತ್ತಿದ್ದ ಕಾಲ ಅದು. ವಠಾರದವರಿಗೆ ಯಾದಗಿರಿಯಾಚೆ ವಿದೇಶ ಗೊತ್ತಿರಲಿಲ್ಲವಾದರೂ ಕೈ ತೋರಿಸಲೇಬೇಕಿತ್ತು. ಅನುಮಾನ ಬಂದವರು ಹದಿನಾಲ್ಕು ದಿನ ಮೇಲಿನ ರೂಮಿನಲ್ಲಿರಬೇಕು. ಅಲ್ಲಿರುವವರಿಗೆ ರಾಗಿ ಅಂಬಲಿ ಮಾತ್ರ, ಖಾರ, ಮಸಾಲೆ, ಬಾಡು ಕೊಡಕೂಡದು, ಹಾಗಂತ ವಾಟ್ಸಾಪಿನಲ್ಲಿ ಬಂದಿದೆ. ಕೆಳಗೆ ಆಶಾ ಕಾರ್ಯಕರ್ತೆ ಸುಕನ್ಯಳ ಫೋನ್ ನಂಬರು.

ಮೇಲಿನ ರೂಮೆಂದರೆ ತಾರಸಿಯ ಮೇಲಿನ ಶೀಟಿನ ಗೂಡು. ಮುರಿದ ಮಂಚ, ಹಳೇ ಬಣ್ಣದ ಡಬ್ಬ, ಪಾರಿವಾಳದ ಸಂಸಾರ. ಗೇಟಿಗೆ ರಟ್ಟು ಬಿದ್ದ ದಿನವೇ ಅದಕ್ಕೆ ಮೊದಲ ಗಿರಾಕಿ ಸಿಕ್ಕಿದ. ಏಳನೇ ರೂಮಿನ ಅಂಬಣ್ಣ ಅಂಗಳದಲ್ಲಿ ಕೆಮ್ಮಿದ್ದ. ಕೆಮ್ಮಿದ್ದು ಮಾರಕ್ಕ ಹಬ್ಬದ ಮಸಾಲೆಗೆ ಮೆಣಸಿನಕಾಯಿ ಹುರಿಯುತ್ತಿದ್ದ ಘಾಟಿಗೆ. ಆ ಘಾಟಿಗೆ ಮುನಿಆಂಜನಪ್ಪನೂ ಕೆಮ್ಮಿದ್ದ, ಆದರೆ ಓನರು ಕೆಮ್ಮಿದರೆ ಅದು ಗಂಟಲು ಸರಿಮಾಡಿಕೊಂಡಂತೆ. ಅಂಬಣ್ಣನನ್ನು ಮೇಲೆ ಹತ್ತಿಸಿದ್ದಾಯಿತು. ಅವನ ಹೆಂಡತಿ ಹುಸೇನಮ್ಮ ಹಗ್ಗಕ್ಕೆ ಬುಟ್ಟಿ ಕಟ್ಟಿ ಮೂರು ಹೊತ್ತು ಅಂಬಲಿ ಕಳಿಸುತ್ತಿದ್ದಳು.

ತೊಡಕಿನ ದಿನ ಬೆಳಗ್ಗೆ ಆರಕ್ಕೇ ಮುನಿಆಂಜನಪ್ಪ ಮಾರಕ್ಕನ ರವಿಕೆ ಕಣವನ್ನು ಮೂಗಿಗೆ ಕಟ್ಟಿಕೊಂಡು, ಹೆಗಲಿಗೆ ಟವೆಲು, ಕೈಯಲ್ಲಿ ವೈರ್ ಬ್ಯಾಗು ಹಿಡಿದು ಚಾಂದ್ ಬೀಯ ಮಟನ್ ಅಂಗಡಿಗೆ ಬಂದ. ಅಂಗಡಿಯಿಂದ ರಸ್ತೆಯ ತಿರುವಿನವರೆಗೆ ಸುಣ್ಣದ ಪುಡಿಯಲ್ಲಿ ವೃತ್ತಗಳನ್ನು ಬರೆದಿದ್ದರು. ಒಂದೊಂದು ವೃತ್ತದಲ್ಲೂ ಒಂದೊಂದು ಜೊತೆ ಚಪ್ಪಲಿ. ಚಪ್ಪಲಿಗಳು ಸರ್ಕಾರ ಹೇಳಿದಂತೆ ಮೂರಡಿ ಅಂತರ ಕಾಯ್ದುಕೊಂಡು ಶಿಸ್ತಾಗಿ ನಿಂತಿದ್ದವು. ಅವುಗಳ ಯಜಮಾನರೆಲ್ಲ ಎದುರಿನ ಹೊಂಗೆ ಮರದ ನೆರಳಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು, ಈ ರೋಗ ಹೇಗೆ ಹರಡುತ್ತದೆ ಎಂದು ಚರ್ಚೆ ಮಾಡುತ್ತಿದ್ದರು.

ಮುನಿಆಂಜನಪ್ಪ ಮೂವತ್ತೊಂದನೇ ವೃತ್ತದಲ್ಲಿ ಚಪ್ಪಲಿ ಬಿಟ್ಟು, ಅದರ ಮೇಲೆ ಬ್ಯಾಗಿಟ್ಟು, ಮರದಡಿಗೆ ಹೋಗಿ ಚರ್ಚೆಯಲ್ಲಿ ಸೇರಿದ. ಮೂರೂವರೆ ಗಂಟೆಯಲ್ಲಿ ಚಪ್ಪಲಿ ಹತ್ತನೇ ವೃತ್ತಕ್ಕೆ ಬಂದಿತ್ತು. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಅದರಿಂದಿಳಿದವರು ಶಿಸ್ತಾಗಿ ನಿಂತಿದ್ದ ಚಪ್ಪಲಿಗಳನ್ನು ಮೆಚ್ಚುವ ಬದಲು ಮರದತ್ತ ಲಾಠಿ ಬೀಸಿದರು. ಜನ ದಿಕ್ಕಾಪಾಲಾಗಿ ಓಡಿದರು. ಮುನಿಆಂಜನಪ್ಪ ಪಕ್ಕದ ಸಂದಿಯಲ್ಲಿ ಕಸದ ಡಬ್ಬದ ಹಿಂದೆ ಕೂತು ಮನೆದೇವರನ್ನು ನೆನೆದ. ಜೀಪು ಹೋದ ಮೇಲೆ ಬಂದು ನೋಡಿದರೆ ಬ್ಯಾಗೂ ಇಲ್ಲ, ಚಪ್ಪಲಿಯೂ ಇಲ್ಲ. ಅಳು ಬರುವಂತಾದರೂ ಬರಿಗಾಲಿನಲ್ಲೇ ವೃತ್ತದೊಳಗೆ ನಿಂತ. ಉಳಿದವರು ಇನ್ನೂ ಓಡುತ್ತಿದ್ದುದರಿಂದ ಅವನ ಸರದಿ ಬೇಗ ಬಂತು.

ಅಂಗಡಿ ಮುಚ್ಚಬೇಕಾದ ಹತ್ತು ಗಂಟೆಗೆ ಐದು ನಿಮಿಷವಿತ್ತು. ಚಾಂದ್ ಬೀ ಅರ್ಧ ಷಟರ್ ಎಳೆದಾಗಿತ್ತು. ಕೊಕ್ಕೆಯಲ್ಲಿ ಒಂದೇ ಒಂದು ಹಿಂಗಾಲು ತೂಗುತ್ತಿತ್ತು.

"ಅರೇ ಅಣ್ಣ, ಕೊನೇ ಕಾಲು ನಿಮ್ಮ ನಸೀಬಿಗೇ ಇತ್ತು ನೋಡಿ. ಈಗಷ್ಟೇ ಬಂದಿದ್ದು. ಡಾಕ್ಟ್ರು ಹೊಡೆದ ಸೀಲು ಕೂಡ ಇನ್ನೂ ಒಣಗಿಲ್ಲ" ಎಂದಳು.

"ಕೊಯ್ದು ಕೊಡಮ್ಮ."

"ಕೊಯ್ಯೋನು ಲಾಠಿ ನೋಡಿ ಓಡಿಹೋದ, ಇನ್ನೂ ಬಂದಿಲ್ಲ. ಹಂಗೇ ತಗೊಂಡ್ ಹೋಗಿ. ಕವರ್ ಇಲ್ಲ, ಸುತ್ತೋಣ ಅಂದ್ರೆ ಪೇಪರೂ ಬರ್ತಿಲ್ಲ."

ಇಡೀ ಕಾಲನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಹೋದರೆ ಪೊಲೀಸರಿಗಿಂತ ಮೊದಲು ನೆಂಟರು ಹಿಡಿಯುತ್ತಾರೆ, ಅದರಲ್ಲೂ ಚಿಕ್ಕವೆಂಕಟಪ್ಪ. ಮುನಿಆಂಜನಪ್ಪ ಯೋಚಿಸಿ, ಅರ್ಧ ತೋಳಿನ ಅಂಗಿಯ ಎಡಗೈಯನ್ನು ಮಡಚಿ, ಕುರಿಯ ಕಾಲನ್ನು ಬರಿಮೈಗೆ ಒತ್ತಿ ಮುಂಗೈಯುದ್ದಕ್ಕೂ ಮಲಗಿಸಿ, ಟವೆಲಿನಿಂದ ಎರಡನ್ನೂ ಸೇರಿಸಿ ಸುತ್ತಿದ. ಉಳಿದ ತುದಿಯನ್ನು ಕುತ್ತಿಗೆಗೆ ಕಟ್ಟಿಕೊಂಡ. ನೋಡಿದವರಿಗೆ ಕೈ ಮುರಿದುಕೊಂಡವನಂತೆ ಕಾಣಬೇಕು. ಹಾಗೆಯೇ ಕಾಣುತ್ತಿದ್ದ, ಹಿಂದೆ ಭಕ್ತಿಯಿಂದ ಬರುತ್ತಿದ್ದ ಮೂರು ನಾಯಿಗಳನ್ನು ಬಿಟ್ಟರೆ.

ಬಿಸಿಲಿಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಡಾಂಬರಿಗೆ ಅಂಗಾಲು ಸುಡುತ್ತಿತ್ತು. ಮನೆ ಇನ್ನು ಎರಡು ತಿರುವು ಇದೆ ಎನ್ನುವಾಗ ಅದೇ ಜೀಪು ಎದುರಿಗೆ ಬಂದು ನಿಂತಿತು.

"ಏನ್ರೀ ಇದು?"

"ಬಚ್ಚಲಲ್ಲಿ ಬಿದ್ದು ಕೈ ಮುರೀತು ಸಾರ್. ಪುತ್ತೂರು ಕಟ್ಟು ಹಾಕಿಸ್ಕೊಂಡ್ ಬಂದೆ."

ಪೇದೆ ಟವೆಲನ್ನು ನೋಡಿದ. "ರಕ್ತ ಇಳೀತಿದೆಯಲ್ರೀ. ಪುತ್ತೂರು ಕಟ್ಟಿಗೆ ರಕ್ತ ಎಲ್ಲಿ ಬರುತ್ತೆ? ಹತ್ತಿ, ಆಸ್ಪತ್ರೆಗೆ ಹೋಗೋಣ."

"ಬೇಡ ಸಾರ್, ಮನೇಲಿ ಮಾತ್ರೆ ಇದೆ" ಎಂದು ಮುನಿಆಂಜನಪ್ಪ ಗೋಗರೆದ. ಪೇದೆ ನಿಜಕ್ಕೂ ಒಳ್ಳೆಯವನು. ವಯಸ್ಸಾದ ಮನುಷ್ಯ, ಬರಿಗಾಲು, ಮುರಿದ ಕೈ ಎಂದು ಕನಿಕರಪಟ್ಟು, ಅವನನ್ನು ಜೀಪಿಗೆ ಹತ್ತಿಸಿಕೊಂಡು ಗೇಟಿನ ಮುಂದೆ ತಂದು ಇಳಿಸಿದ. ನಾಯಿಗಳು ಜೀಪಿನ ಹಿಂದೆಯೇ ಓಡಿಬಂದವು. ಬೀದಿಯ ಕಿಟಕಿಗಳೆಲ್ಲ ತೆರೆದವು.

"ಇವರನ್ನ ಹೊರಗೆ ಬಿಡಬೇಡಿ. ನಿಗಾ ಇಟ್ಟು ನೋಡ್ಕೊಳ್ಳಿ" ಎಂದು ಪೇದೆ ಗಟ್ಟಿಯಾಗಿ ಹೇಳಿ ಹೋದ.

ಮುನಿಆಂಜನಪ್ಪ ಯಾರ ಮುಖವನ್ನೂ ನೋಡದೆ ಒಳಗೆ ನುಗ್ಗಿದ. ಮಾರಕ್ಕ ಅವನನ್ನು ಬಚ್ಚಲಿಗೆ ಕರೆದೊಯ್ದು ಟವೆಲು ಬಿಚ್ಚಿ, ಕಾಲನ್ನು ತೆಗೆದುಕೊಂಡು ಅಡಿಗೆಮನೆಗೆ ಹೋದಳು. ಗೆದ್ದೆ ಎಂದುಕೊಂಡು ಅವನು ಉಸಿರು ಬಿಟ್ಟ. ಅಷ್ಟರಲ್ಲಿ ಅಂಗಳದಿಂದ ಹುಸೇನಮ್ಮನ ದನಿ ಕೇಳಿಸಿತು.

"ಓನರ್ರೀ, ಕೈ ತೋರ್ಸಲಾರ್ದ ಒಳಗ ಹೋದ್ರಲ್ರಿ. ನೀವ ಬರ್ದ ರೂಲ್ ಅದ."

ಬೇವಿನ ನೀರಿನ ಬಕೆಟ್ಟು ಹಿಡಿದು ಅವಳು ಗೇಟಿನ ಬಳಿ ನಿಂತಿದ್ದಳು. ಒಳಬರುವವರ ಕೈ ನೋಡಿ ನೀರು ಹಾಕುವುದು ಅವನೇ ವಹಿಸಿದ್ದ ಕೆಲಸ. ಮುನಿಆಂಜನಪ್ಪ ಠೀವಿಯಿಂದ ಹೊರಗೆ ಬಂದು ಎರಡೂ ಕೈ ಚಾಚಿದ. ಹುಸೇನಮ್ಮ ನೀರು ಹಾಕಹೋದವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಯವ್ವಾ, ಓನರ್ ಕೈಮ್ಯಾಲ ಸಿಕ್ಕಾ ಹೊಡ್ದಾರ ನೋಡ್ರಿ."

ಮುಂಗೈಯ ಒಳಮಗ್ಗುಲಲ್ಲಿ ಬಳೆಯಷ್ಟು ಅಗಲದ ನೇರಳೆ ಗುಂಡು. ಅದರೊಳಗೆ ಏನೋ ಅಕ್ಷರ. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಮುನಿಆಂಜನಪ್ಪನೇ. ಬೆಳಗ್ಗೆ ಮನೆ ಬಿಡುವಾಗ ಅದು ಇರಲಿಲ್ಲ ಎಂಬುದಷ್ಟೇ ಅವನಿಗೆ ಗೊತ್ತು. ಜೀಪಿನಲ್ಲಿ ಆ ಪೇದೆ ಕೈ ಹಿಡಿದಾಗ ಒತ್ತಿಬಿಟ್ಟನೋ ಏನೋ. ಎಂಜಲು ಹಚ್ಚಿ ತಿಕ್ಕಿದ, ಹೋಗಲಿಲ್ಲ. ಸೋಪು ಹಾಕಿದ, ಹರಡಿಕೊಂಡಿತು. ನಿಂಬೆಹಣ್ಣು ಉಜ್ಜಿದ, ಇನ್ನಷ್ಟು ಹೊಳೆಯಿತು.

ವಿವಾದದ ಗೋಡೆಯ ಮೇಲೆ ಚಿಕ್ಕವೆಂಕಟಪ್ಪನ ತಲೆ ಕಾಣಿಸಿತು. "ಅಲ್ಲಣ್ಣ, ಈಗ ತಾನೆ ಕೈ ಮುರಿದಿತ್ತು? ಇಷ್ಟು ಬೇಗ ಕೂಡ್ಕೊಂಡ್ ಬಿಡ್ತಾ? ಅಂದ್ರೆ ಸೀಲು ಮುಚ್ಚೋಕೆ ಕಟ್ಟು ಕಟ್ಕೊಂಡಿದ್ದೆ. ಪೊಲೀಸ್ನೋರು ಹಿಡ್ಕೊಂಡ್ ಬಂದು ಬಿಟ್ಟವ್ರೆ."

"ಕೈ ಮುರಿದಿರಲಿಲ್ಲ ಕಣೋ. ಅದರೊಳಗೆ ಮಟನ್ ಇತ್ತು."

"ಮಟನ್ನಾ? ಎಷ್ಟು ಕೇಜಿ?"

ತಡವಾಗಿ ನಾಲಿಗೆ ಕಚ್ಚಿಕೊಂಡ ಮುನಿಆಂಜನಪ್ಪ ಮಾತು ತಿರುಗಿಸಿದ. "ಅಕ್ಷರ ನೋಡೋ, ಉಲ್ಟಾ ಇದೆ. ಸರ್ಕಾರದ್ದಾಗಿದ್ರೆ ನೆಟ್ಟಗಿರ್ತಿರ್ಲಿಲ್ವಾ?"

"ಆಂಬುಲೆನ್ಸ್ ಮುಂದೆ ಹೆಂಗೆ ಬರೆದಿರ್ತಾರೆ? ಉಲ್ಟಾ ತಾನೆ? ಆಸ್ಪತ್ರೆಯೋರ ಬರವಣಿಗೆಯೆಲ್ಲ ಹಂಗೇ ಅಣ್ಣ" ಎಂದ ಚಿಕ್ಕವೆಂಕಟಪ್ಪ. ವಠಾರದ ಹನ್ನೆರಡೂ ರೂಮಿನವರು ಇದನ್ನು ಒಪ್ಪಿ ತಲೆಯಾಡಿಸಿದರು. ಗೇಟಿನ ಮೇಲಿದ್ದ ನಂಬರಿಗೆ ಯಾರೋ ಆಗಲೇ ಫೋನ್ ಮಾಡಿಯೂ ಆಗಿತ್ತು.

ಸುಕನ್ಯ ಬಿಸಿಲಿಗೆ ಛತ್ರಿ ಹಿಡಿದು, ಕಂಕುಳಲ್ಲಿ ರಿಜಿಸ್ಟರು ಅವುಚಿಕೊಂಡು ಬಂದಳು. ಬೆಳಗ್ಗೆಯಿಂದ ಇದು ಅವಳ ನಲವತ್ತನೇ ಮನೆ. ಆರಡಿ ದೂರದಲ್ಲಿ ನಿಂತು ಕೈ ನೋಡಿದಳು.

"ಯಾವ ದೇಶಕ್ಕೆ ಹೋಗಿದ್ರಿ?"

"ಹೊಸೂರು ದಾಟಿದೋನಲ್ಲಮ್ಮ ನಾನು."

ಅವಳು ಹಾಳೆ ತಿರುವಿದಳು. "ಹೌದು, ಲಿಸ್ಟಲ್ಲಿ ನಿಮ್ಮ ಹೆಸರಿಲ್ಲ."

"ನೋಡ್ದೇನೋ" ಎಂದು ಮುನಿಆಂಜನಪ್ಪ ಗೋಡೆಯ ಕಡೆ ತಿರುಗಿದ.

"ಲಿಸ್ಟ್ ಆಮೇಲೂ ಬರಬಹುದು. ಸೀಲ್ ಅಂತೂ ಬಂದಿದೆ" ಎಂದಳು ಸುಕನ್ಯ. "ಹದಿನಾಲ್ಕು ದಿನ. ಬೇರೆ ರೂಮಿದ್ರೆ ಇವರೊಬ್ಬರೇ ಇರ್ಲಿ. ಇಲ್ಲಾಂದ್ರೆ ಇಡೀ ವಠಾರಕ್ಕೆ ಟೇಪು ಕಟ್ಟಬೇಕಾಗುತ್ತೆ."

ಬೇರೆ ರೂಮು ಇದೆ ಎಂದು ಇಪ್ಪತ್ತು ದನಿಗಳು ಒಟ್ಟಿಗೆ ಹೇಳಿದವು. ಅಂಬಣ್ಣನನ್ನು ಕೆಳಗೆ ಕರೆದರು. ಎರಡು ದಿನದಿಂದ ಒಂದು ಸಲವೂ ಕೆಮ್ಮಿಲ್ಲ, ಅವತ್ತು ಕೆಮ್ಮಿದ್ದು ಮೆಣಸಿನಕಾಯಿಗೆ ಎಂದು ಅವನು ಹೇಳಿದ. ಸುಕನ್ಯ ಅವನನ್ನು ಬಿಡುಗಡೆ ಮಾಡಿದಳು. ಮೆಟ್ಟಿಲಿನ ಮೇಲೆ ಇಳಿಯುವವನೂ ಹತ್ತುವವನೂ ಎದುರಾದಾಗ ಅಂಬಣ್ಣ ಗೋಡೆಗೆ ಒತ್ತಿ ದಾರಿ ಬಿಟ್ಟ.

"ಪಾರಿವಾಳ ಬೆಳಿಗ್ಗಿ ಐದಕ್ಕ ಎಬ್ಬಸ್ತಾವ ಓನರ್ರೀ. ಏನೂ ಮಾಡಂಗಿಲ್ಲ" ಎಂದು ಮೆಲ್ಲಗೆ ಹೇಳಿದ.

ಕೆಳಗೆ ಮಾರಕ್ಕ ಯಾರನ್ನೂ ನೋಡದೆ, "ಕಾಲು ಇಡಿಯಾಗದೆ, ಕಡಿಯೋರು ಬೇಕಿತ್ತು" ಎಂದಳು. ಚಿಕ್ಕವೆಂಕಟಪ್ಪ ವರ್ಷವೆಲ್ಲ ಸ್ಟೇಷನ್ನು ಸುತ್ತಿದರೂ ದಾಟಲಾಗದ ಗೋಡೆಯನ್ನು ಒಂದೇ ನೆಗೆತಕ್ಕೆ ದಾಟಿ ಬಂದು ಮಚ್ಚು ಹಿಡಿದ. ಸೀಲಿನ ಕೈ ಮುಟ್ಟಿದ ಬಾಡು ತಿನ್ನಬಹುದೇ ಎಂದು ಯಾರೋ ಕೇಳಿದ್ದಕ್ಕೆ, ಬೆಂದ ಮೇಲೆ ಯಾವ ಕೊರೊನಾ ಎಂದ. ಓನರಿನ ಕೈಗೆ ಹೆದರಿ ಆರಡಿ ದೂರ ನಿಂತವರೆಲ್ಲ ಓನರಿನ ಮಟನ್ನಿಗೆ ಒಂದಡಿ ಹತ್ತಿರ ಬಂದು ಕೂತರು.

ಮೇಲೆ ಶೀಟು ಕಾದು ಮುನಿಆಂಜನಪ್ಪನ ನೆತ್ತಿ ಬೇಯುತ್ತಿತ್ತು. ಒಂದು ಗಂಟೆಗೆ ಸಾರಿನ ವಾಸನೆ ತಾರಸಿಗೆ ಹತ್ತಿತು. ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹಸಿವು, ಆಮೇಲೆ ಎರಡೂ ಸೇರಿ ಕಣ್ಣಲ್ಲಿ ನೀರು ಬಂತು. ಐವತ್ತೆಂಟು ವರ್ಷದಲ್ಲಿ ಬಾಡಿಲ್ಲದ ಮೊದಲ ತೊಡಕು. ಮುಖ ತೊಳೆಯೋಣವೆಂದು ಎದ್ದಾಗ ಅಂಬಣ್ಣ ಗೋಡೆಗೆ ಸಿಕ್ಕಿಸಿ ಮರೆತಿದ್ದ ಒಡಕು ಕನ್ನಡಿ ಕಂಡಿತು. ಚಿಕ್ಕವೆಂಕಟಪ್ಪನ ಆಂಬುಲೆನ್ಸಿನ ಮಾತು ನೆನಪಾಗಿ ಕೈಯನ್ನು ಕನ್ನಡಿಗೆ ಹಿಡಿದ. ತಿಕ್ಕಿ ತಿಕ್ಕಿ ಅರ್ಧ ಅಳಿಸಿಹೋಗಿದ್ದ ಅಕ್ಷರಗಳು ನೆಟ್ಟಗಾದವು. ಮೇಲೆ 'ಕುರಿ' ಎಂದಿತ್ತು. ಕೆಳಗೆ 'ಸೇವನೆಗೆ ಯೋಗ್ಯ' ಎಂದಿತ್ತು.

ಚಾಂದ್ ಬೀ ಹೇಳಿದ್ದು ಆಗ ನೆನಪಾಯಿತು. ದನದ ಡಾಕ್ಟರು ಕಾಲಿಗೆ ಹೊಡೆದ ಸೀಲು, ಒಣಗದ ಇಂಕು, ಬೆವರಿದ ತೋಳು. ಮುನಿಆಂಜನಪ್ಪ ತಾರಸಿಯ ಅಂಚಿಗೆ ಓಡಿಬಂದು, "ಇದು ಕುರಿದು ಕಣ್ರೋ, ಕುರಿ ಸೀಲು" ಎಂದು ಕೂಗಿದ.

"ಏನಂತೆ?" ಎಂದರು ಕೆಳಗಿನವರು.

"ತಾನು ಕುರಿ ಅಂತವ್ನೆ. ತಲೆಗೆ ಏರ್ಬಿಟ್ಟಿದೆ ಪಾಪ" ಎಂದ ಚಿಕ್ಕವೆಂಕಟಪ್ಪ.

ಮುನಿಆಂಜನಪ್ಪ ಸುಕನ್ಯಳಿಗೇ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದ. ಅವಳು ನಗಲಿಲ್ಲ. "ನೀವು ಸೀಲು ಉಜ್ಜಿ ಹಾಳು ಮಾಡಿದ್ದೀರಿ, ಅದನ್ನ ನಂಬೋಕಾಗಲ್ಲ. ಮಟನ್ ಮೇಲಿರೋ ಸೀಲು ತೋರ್ಸಿ. ಕೈ ಪಕ್ಕದಲ್ಲಿಟ್ಟು ಒಂದು ಫೋಟೊ ಕಳ್ಸಿ, ಈಗ್ಲೇ ಬಿಡುಗಡೆ ಮಾಡ್ತೀನಿ" ಎಂದಳು.

ಅವನು ಮತ್ತೆ ಅಂಚಿಗೆ ಓಡಿದ. "ಇವಳೇ, ಮಾರಕ್ಕ, ಕಾಲಿನ ಮೇಲೆ ಸೀಲಿತ್ತಲ್ಲ, ಆ ತುಂಡು ಎಲ್ಲಿ?"

ಅಂಗಳದಲ್ಲಿ ಚಾಪೆ ಹಾಸಿತ್ತು. ಮೊದಲ ಎಲೆಯ ಮುಂದೆ ಮಾರಕ್ಕನೇ ಕೂತಿದ್ದಳು. ಹುಸೇನಮ್ಮ ಅವಳಿಗೆ ಹಬೆಯಾಡುವ ಮುದ್ದೆ, ಸಾರು ಬಡಿಸುತ್ತಿದ್ದಳು. ಎಲ್ಲರೂ ಮಾರಕ್ಕನ ಮುಖ ನೋಡಿದರು. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿ, ನುಂಗಿ, ನಿಧಾನವಾಗಿ ಹೇಳಿದಳು.

"ಯಾವ ಸೀಲು? ತೊಳೆದು ಒಲೆ ಮೇಲಿಟ್ಟೆ. ನಂಗೇನೂ ಕಾಣ್ಲಿಲ್ಲ."

ನಾಲ್ಕು ಗಂಟೆಗೆ ಹಗ್ಗ ಅಲ್ಲಾಡಿತು. ಬುಟ್ಟಿಯಲ್ಲಿ ಒಂದು ಚೊಂಬು ರಾಗಿ ಅಂಬಲಿ. ಮುನಿಆಂಜನಪ್ಪ ಅದನ್ನು ಪಾರಿವಾಳಕ್ಕೆ ಸುರಿಯಬೇಕೆಂದುಕೊಂಡ, ಹಸಿವು ಬಿಡಲಿಲ್ಲ. ಎತ್ತಿ ಗಟಗಟ ಕುಡಿಯುತ್ತಾ ಹೋದಂತೆ ತಳದಲ್ಲಿ ತುಟಿಗೆ ಏನೋ ಮೆತ್ತಗೆ ತಾಗಿತು. ಬಾಡು. ಒಂದೇ ತುಂಡು, ಕೊಬ್ಬಿನದು, ಬೆಂಕಿಯಲ್ಲಿ ತುಸು ಬಾಡಿಸಿದ್ದು. ಕೊನೆಗೂ ಕಟ್ಟಿಕೊಂಡವಳೇ ಕಟ್ಟಿಕೊಂಡವಳು. ಯಾರಾದರೂ ನೋಡಿ ಕಿತ್ತುಕೊಂಡಾರೆಂದು ಹೆದರಿ, ಅಗಿದೂ ಅಗಿಯದಂತೆ ನುಂಗಿದ. ಹೊತ್ತು ಇನ್ನೂ ಇಳಿದಿರಲಿಲ್ಲ. ತೊಡಕು ಉಳಿಯಿತು, ವರ್ಷ ಉಳಿಯಿತು.

ಕೆಳಗೆ ನೋಡಿದರೆ ಅಂಗಳ ಖಾಲಿ, ಎಲ್ಲರೂ ಉಂಡು ಮಲಗಿದ್ದರು. ಮಾರಕ್ಕ ಒಬ್ಬಳೇ ಹಗ್ಗ ಹಿಡಿದು ನಿಂತಿದ್ದಳು.

"ತಿಂದ್ರಾ?"

"ತಿಂದೆ ಕಣೇ" ಎಂದ.

"ಒಳ್ಳೇದಾಯ್ತು. ನೀವು ಕೇಳಿದ ತುಂಡು ಅದೇ."

ಮುನಿಆಂಜನಪ್ಪ ಚೊಂಬನ್ನು ಬಿಸಿಲಿಗೆ ಹಿಡಿದು ನೋಡಿದ. ತಳದಲ್ಲಿ ಉಳಿದಿದ್ದ ಎರಡು ಹನಿ ರಾಗಿಯ ಬಣ್ಣ ಬಿಟ್ಟು ನೇರಳೆಗೆ ತಿರುಗಿತ್ತು. ಹದಿನಾಲ್ಕು ದಿನದಿಂದ ಬಿಡಿಸಬಹುದಾಗಿದ್ದ ಒಂದೇ ಸಾಕ್ಷಿ ಅವನ ಹೊಟ್ಟೆಯೊಳಗೆ ಇಳಿದಾಗಿತ್ತು.

"ಮೊದ್ಲೇ ಬಾಯಿ ಬಿಡೋಕೇನಾಗಿತ್ತೇ ನಿಂಗೆ?"

"ಹೇಳಿದ್ರೆ ನೀವು ತಿಂತಿರ್ಲಿಲ್ಲ" ಎಂದಳು ಮಾರಕ್ಕ. "ತೊಡಕಿನ ದಿನ ಬಾಯಿಗೆ ಬಾಡು ಬೀಳ್ದೆ ಹೋದ್ರೆ ವರ್ಷವೆಲ್ಲ ನಿಮ್ಮ ಗೋಳು ಕೇಳೋರು ಯಾರು?" ಬುಟ್ಟಿಯನ್ನು ಇಳಿಸಿಕೊಂಡು, ಇನ್ನೂ ಬಿಸಿಯಾಗಿದ್ದ ಸಾರನ್ನು ಎರಡನೇ ಸಲ ಉಣ್ಣಲು ಒಳಗೆ ಹೋದಳು.

ಹಿರಿಯರ ಮಾತು ಸುಳ್ಳಾಗಲಿಲ್ಲ. ಜೂನಿನಲ್ಲಿ ಬೀದಿಯನ್ನು ಸೀಲ್ ಮಾಡಿದಾಗ ಮುನಿಆಂಜನಪ್ಪ ಮುನ್ನೆಚ್ಚರಿಕೆಗೆಂದು ಮೇಲಿನ ರೂಮಿಗೆ ಹೋದ. ಆಗಸ್ಟಿನಲ್ಲಿ ಚಿಕ್ಕವೆಂಕಟಪ್ಪನಿಗೆ ಜ್ವರ ಬಂದು, ಅವನ ಜೊತೆ ಗೋಡೆ ವಿಷಯಕ್ಕೆ ಹತ್ತಿರ ನಿಂತು ಮಾತಾಡಿದ ತಪ್ಪಿಗೆ ಇನ್ನೊಮ್ಮೆ ಹೋದ. ಅಕ್ಟೋಬರಿನಲ್ಲಿ ನಿಜವಾಗಿಯೂ ಅಂಟಿಕೊಂಡು ಮತ್ತೆ ಹತ್ತಿದ. ಪ್ರತಿಸಲವೂ ಅಂಬಲಿಯ ತಳದಲ್ಲಿ ಒಂದು ತುಂಡು ಇರುತ್ತಿತ್ತು. ಕೆಳಗೆ ಮಾರಕ್ಕ ಬಿಸಿಬಿಸಿಯಾಗಿ, ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದಳು.

ಮುಂದಿನ ವರ್ಷದ ತೊಡಕಿನ ದಿನ ಮುನಿಆಂಜನಪ್ಪ ಐದಕ್ಕೇ ಎದ್ದು, ಹೊಸ ವೈರ್ ಬ್ಯಾಗು, ಪೂರ್ತಿ ತೋಳಿನ ಅಂಗಿ ಹುಡುಕತೊಡಗಿದ. ಮಾರಕ್ಕ ಅವನಿಗಿಂತ ಮೊದಲೇ ಎದ್ದು, ಕೈಯಲ್ಲಿ ಪೊರಕೆ ಹಿಡಿದು, ತಾರಸಿಯ ಮೆಟ್ಟಿಲು ಇಳಿದು ಬಂದಳು.

"ನಿಧಾನವಾಗಿ ಹೋಗ್ಬನ್ನಿ" ಎಂದಳು. "ಮೇಲಿನ ರೂಮು ಗುಡಿಸಿಟ್ಟಿದ್ದೀನಿ."